ಲೆಕ್ಕದಲ್ಲಿ ಹಿಂದೆ ಬಿದ್ದವರು ಯಾರು?

(ಹೆತ್ತವರು ಮತ್ತು ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ಪ್ರತಿವರ್ಷ ನಮ್ಮ ಅದೆಷ್ಟೋ ಮನೆಗಳಲ್ಲಿ ಒಂದು ತೀರ್ಮಾನವಾಗುತ್ತದೆ. ಮಗ ಗಣಿತದಲ್ಲಿ ಹೇಗೋ ದಾಟಿಕೊಂಡಿದ್ದರೂ ಅವನಿಗೆ ವಿಜ್ಞಾನ ವಿಭಾಗದಲ್ಲಿ ಸೀಟು ಕೊಡಿಸಲು ತಂದೆ ಓಡಾಡುತ್ತಾರೆ. ಮಗಳು ಅದೇ ವಿಷಯದಲ್ಲಿ ಅವನಿಗಿಂತ ಹೆಚ್ಚು ಅಂಕ ಗಳಿಸಿದ್ದರೂ, 'ಹುಡುಗಿಗೆ ಅಷ್ಟೆಲ್ಲ ಲೆಕ್ಕ ಯಾಕೆ, ಅದು ಅವರ ತಲೆಗೆ ಹತ್ತುವ ವಿದ್ಯೆಯಲ್ಲ' ಎಂಬ ಒಂದೇ ಮಾತಿನಲ್ಲಿ ಆಕೆಯ ಭವಿಷ್ಯ ನಿರ್ಧಾರವಾಗುತ್ತದೆ. ಇದನ್ನು ಯಾರೂ ದುರುದ್ದೇಶದಿಂದ ಹೇಳುವುದಿಲ್ಲ. ಹೆಚ್ಚಿನವರು ಅದನ್ನು ಪ್ರಕೃತಿಯ ನಿಯಮವೆಂದೇ ನಂಬಿದ್ದಾರೆ. ಆದುದರಿಂದ ಆ ನಂಬಿಕೆ ಸತ್ಯವೇ ಎಂದು ಪರಿಶೀಲಿಸುವುದು ನಮ್ಮೆಲ್ಲರ ಹೊಣೆಯಾಗಿದೆ. ಅದಕ್ಕೆ ಊಹಾಪೋಹದ ಅಗತ್ಯವಿಲ್ಲ. ಜಗತ್ತಿನ ಹಲವು ದೇಶಗಳ ಲಕ್ಷಾಂತರ ಮಕ್ಕಳು ಬರೆದ ಪರೀಕ್ಷೆಗಳ ಫಲಿತಾಂಶ ನಮ್ಮ ಮುಂದಿದೆ.

ಇಂತಹ ಎರಡು ಅಂತಾರಾಷ್ಟ್ರೀಯ ಪರೀಕ್ಷೆಗಳು ಪ್ರಮುಖವಾದವು. ಒಂದು 'ಟಿಮ್ಸ್'. 1995 ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಇದು 4ನೇ ಮತ್ತು 8ನೇ ತರಗತಿಯ ಮಕ್ಕಳ ಗಣಿತ ಮತ್ತು ವಿಜ್ಞಾನದ ಕಲಿಕೆಯನ್ನು ಅಳೆಯುತ್ತದೆ. ಇನ್ನೊಂದು 'ಪೀಸಾ'. ಶ್ರೀಮಂತ ರಾಷ್ಟ್ರಗಳ ಆರ್ಥಿಕ ಕೂಟವಾದ ಓಇಸಿಡಿ 2000 ದಿಂದ ನಡೆಸುತ್ತಾ ಬಂದಿರುವ ಈ ಪರೀಕ್ಷೆಯನ್ನು 15 ವರ್ಷ ವಯಸ್ಸಿನವರು ಬರೆಯುತ್ತಾರೆ. ಎಲ್ಲ ದೇಶಗಳ ಮಕ್ಕಳಿಗೂ ಒಂದೇ ಮಟ್ಟದ ಪ್ರಶ್ನೆಗಳು, ಒಂದೇ ಅಳತೆಗೋಲು.

ಪೀಸಾದ 2022 ರ ಸುತ್ತಿನಲ್ಲಿ 81 ದೇಶಗಳು ಮತ್ತು ಪ್ರದೇಶಗಳು ಭಾಗವಹಿಸಿದ್ದವು. ಅವುಗಳಲ್ಲಿ 40 ಕಡೆ ಗಣಿತದಲ್ಲಿ ಹುಡುಗರು ಮುಂದಿದ್ದರು. 17 ಕಡೆ ಹುಡುಗಿಯರು ಮುಂದಿದ್ದರು. ಉಳಿದ 24 ಕಡೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಓಇಸಿಡಿ ರಾಷ್ಟ್ರಗಳ ಸರಾಸರಿಯಲ್ಲಿ ಹುಡುಗರ ಮುನ್ನಡೆ 9 ಅಂಕ. ಒಂದು ವರ್ಷದ ಶಾಲಾ ಕಲಿಕೆ ಸುಮಾರು 20 ಅಂಕಕ್ಕೆ ಸಮವೆಂದು ಆ ಸಂಸ್ಥೆಯೇ ಹೇಳುತ್ತದೆ. ಅಂದರೆ ಈ ಅಂತರ ಅರ್ಧ ವರ್ಷದ ಕಲಿಕೆಗಿಂತಲೂ ಕಡಿಮೆ.

ಅದೇ ಪರೀಕ್ಷೆಯ ಇನ್ನೊಂದು ಫಲಿತಾಂಶವನ್ನು ಗಮನಿಸಿರಿ. ಓದಿ ಅರ್ಥ ಮಾಡಿಕೊಳ್ಳುವ ಸಾಮರ್ಥ್ಯದಲ್ಲಿ ಹುಡುಗಿಯರು ಹುಡುಗರಿಗಿಂತ 24 ಅಂಕಗಳಷ್ಟು ಮುಂದಿದ್ದರು. ಗಣಿತದ ಅಂತರಕ್ಕಿಂತ ಇದು ಎರಡು ಪಟ್ಟಿಗೂ ಅಧಿಕ. ಹಾಗಾದರೆ, 'ಓದು ಗಂಡು ಮಕ್ಕಳ ತಲೆಗೆ ಹತ್ತುವ ವಿದ್ಯೆಯಲ್ಲ, ಅವರಿಗೆ ಪುಸ್ತಕ ಯಾಕೆ' ಎಂದು ಯಾವ ತಂದೆಯಾದರೂ ಹೇಳಿದ್ದುಂಟೇ? ಇಲ್ಲ. ಮಗ ಓದಿನಲ್ಲಿ ಹಿಂದುಳಿದರೆ ಟ್ಯೂಷನ್ ಕೊಡಿಸುತ್ತೇವೆ, ಅಧ್ಯಾಪಕರನ್ನು ಕಾಣುತ್ತೇವೆ, ಗದರಿಸುತ್ತೇವೆ. ಮಗಳು ಲೆಕ್ಕದಲ್ಲಿ ಒಂದು ಹೆಜ್ಜೆ ಹಿಂದುಳಿದರೆ ಅದನ್ನು ಆಕೆಯ ಪ್ರಕೃತಿ ಎನ್ನುತ್ತೇವೆ. ಒಂದೇ ಬಗೆಯ ಕೊರತೆಗೆ ನಾವು ಎರಡು ಬಗೆಯ ನ್ಯಾಯವನ್ನು ಅನ್ವಯಿಸುತ್ತಿದ್ದೇವೆ.

ಇನ್ನೂ ಒಂದು ಸಂಗತಿಯಿದೆ. ಅದೇ 2022 ರಲ್ಲಿ ಸಿಂಗಾಪುರದ ಹುಡುಗಿಯರು ತಮ್ಮ ದೇಶದ ಹುಡುಗರಿಗಿಂತ ಕೊಂಚ ಹಿಂದಿದ್ದರು. ಆದರೆ ಓಇಸಿಡಿ ರಾಷ್ಟ್ರಗಳ ಹುಡುಗರ ಸರಾಸರಿಗಿಂತ ಅವರು 80 ಕ್ಕೂ ಅಧಿಕ ಅಂಕಗಳಷ್ಟು ಮುಂದಿದ್ದರು. ಒಂದು ದೇಶಕ್ಕೂ ಇನ್ನೊಂದು ದೇಶಕ್ಕೂ ಇರುವ ಅಂತರದ ಮುಂದೆ ಹುಡುಗ ಹುಡುಗಿಯರ ನಡುವಿನ ಅಂತರ ತೀರಾ ಚಿಕ್ಕದು. ಮಗು ಗಂಡೋ ಹೆಣ್ಣೋ ಎಂಬುದಕ್ಕಿಂತ, ಅದು ಎಂತಹ ಶಾಲೆಯಲ್ಲಿ, ಎಂತಹ ವ್ಯವಸ್ಥೆಯಲ್ಲಿ ಕಲಿಯಿತು ಎಂಬುದೇ ಬಹಳ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಟರ್ಕಿ ಮತ್ತು ಐಸ್‌ಲ್ಯಾಂಡ್

ಈಗ ನಮ್ಮ ಸಮುದಾಯಕ್ಕೆ ನೇರ ಸಂಬಂಧವುಳ್ಳ ಚರ್ಚೆಯೊಂದಕ್ಕೆ ಬರೋಣ. 2008 ರಲ್ಲಿ ಗ್ವಿಸೊ, ಮಾಂಟೆ, ಸಪಿಯೆಂಜ಼ಾ ಮತ್ತು ಜ಼ಿಂಗಾಲೆಸ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 2003 ರ ಪೀಸಾ ಪರೀಕ್ಷೆಯಲ್ಲಿ 40 ದೇಶಗಳ ಮಕ್ಕಳ ಸಾಧನೆಯನ್ನು ಅವರು ಪರಿಶೀಲಿಸಿದ್ದರು. ಟರ್ಕಿಯಲ್ಲಿ ಹುಡುಗಿಯರು ಸುಮಾರು 23 ಅಂಕ ಹಿಂದಿದ್ದರು. ಐಸ್‌ಲ್ಯಾಂಡ್‌ನಲ್ಲಿ ಹುಡುಗಿಯರೇ ಸುಮಾರು 15 ಅಂಕ ಮುಂದಿದ್ದರು. ಮಹಿಳೆಗೆ ಉದ್ಯೋಗದಲ್ಲಿ, ರಾಜಕೀಯದಲ್ಲಿ, ಸಮಾಜದಲ್ಲಿ ಸಮಾನ ಅವಕಾಶ ಹೆಚ್ಚಿರುವಲ್ಲಿ ಗಣಿತದ ಅಂತರ ಕಿರಿದಾಗುತ್ತದೆ ಎಂಬುದು ಅವರ ನಿಷ್ಕರ್ಷೆಯಾಗಿತ್ತು.

ಇದನ್ನು ಓದಿದವರು, ಮುಸ್ಲಿಮ್ ಸಮಾಜದಲ್ಲಿ ಹೆಣ್ಣು ಮಕ್ಕಳು ಗಣಿತದಲ್ಲಿ ಹಿಂದುಳಿಯುವುದು ಸಹಜ ಎಂಬ ತೀರ್ಮಾನಕ್ಕೆ ಸುಲಭವಾಗಿ ಬರಬಹುದಿತ್ತು. ಆದರೆ ವಾಸ್ತವ ಅಷ್ಟು ಸರಳವಾಗಿರಲಿಲ್ಲ. 2010 ರಲ್ಲಿ ಫ್ರೈಯರ್ ಮತ್ತು ಲೆವಿಟ್ ಎಂಬ ಅಮೇರಿಕನ್ ಅರ್ಥಶಾಸ್ತ್ರಜ್ಞರು ಟಿಮ್ಸ್ ಪರೀಕ್ಷೆಯ ಅಂಕಿ ಅಂಶಗಳನ್ನು ಪರಿಶೀಲಿಸಿದರು. ಇರಾನ್, ಬಹರೈನ್‌ನಂತಹ ರಾಷ್ಟ್ರಗಳು ಪಟ್ಟಿಗೆ ಸೇರುತ್ತಲೇ ಹಳೆಯ ಸೂತ್ರ ಕುಸಿಯಿತು. ಮಹಿಳಾ ಸಮಾನತೆಯ ಸೂಚ್ಯಂಕದಲ್ಲಿ ತೀರಾ ಕೆಳಗಿದ್ದ ಆ ದೇಶಗಳಲ್ಲಿ ಹುಡುಗಿಯರು ಹುಡುಗರಿಗಿಂತ ಹಿಂದಿರಲಿಲ್ಲ. ಒಮಾನ್‌ನಲ್ಲಂತೂ 2007 ಮತ್ತು 2011 ರ ಟಿಮ್ಸ್ ಪರೀಕ್ಷೆಗಳಲ್ಲಿ 8ನೇ ತರಗತಿಯ ಹುಡುಗಿಯರು ಹುಡುಗರಿಗಿಂತ 50 ಕ್ಕೂ ಅಧಿಕ ಅಂಕ ಮುಂದಿದ್ದರು. ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶಾಲೆಗಳಿರುವುದು ಇದಕ್ಕೆ ಕಾರಣವಾಗಿರಬಹುದೇ ಎಂಬ ಪ್ರಶ್ನೆಯನ್ನೂ ಫ್ರೈಯರ್ ಮತ್ತು ಲೆವಿಟ್ ಮುಂದಿಟ್ಟರು.

ಇಲ್ಲಿ ನಾವು ಎಚ್ಚರ ವಹಿಸಬೇಕಾಗಿದೆ. ನಮ್ಮ ವೇದಿಕೆಗಳಲ್ಲಿ ಇಂತಹ ಅಂಕಿ ಅಂಶ ಸಿಕ್ಕೊಡನೆ, 'ನೋಡಿರಿ, ನಮ್ಮ ವ್ಯವಸ್ಥೆಯೇ ಶ್ರೇಷ್ಠ' ಎಂದು ಬೀಗುವ ಚಾಳಿಯಿದೆ. 2012 ರಲ್ಲಿ ಕೇನ್ ಮತ್ತು ಮೆರ್ಟ್ಸ್ ಎಂಬ ಸಂಶೋಧಕರು 86 ದೇಶಗಳ ಮಾಹಿತಿಯನ್ನು ಒರೆಗೆ ಹಚ್ಚಿ ನೋಡಿದಾಗ ಈ ಹೆಮ್ಮೆಗೂ ಆಧಾರ ಸಿಗಲಿಲ್ಲ. ಹುಡುಗಿಯರ ಆ ಮುನ್ನಡೆಗೆ ಧರ್ಮವಾಗಲಿ, ಪ್ರತ್ಯೇಕ ಶಾಲೆಯಾಗಲಿ ಕಾರಣವಲ್ಲವೆಂದು ಅವರು ಕಂಡುಕೊಂಡರು. ಕೆಲವು ಕೊಲ್ಲಿ ರಾಷ್ಟ್ರಗಳಲ್ಲಿ ಹುಡುಗಿಯರ ಸಾಧನೆಯೂ ಉತ್ತಮವಾಗಿರಲಿಲ್ಲ. ಹುಡುಗರದು ಅದಕ್ಕಿಂತಲೂ ಕಳಪೆಯಾಗಿತ್ತು, ಅಷ್ಟೇ. ಟಿಮ್ಸ್‌ನ ಮಧ್ಯಬಿಂದು 500. ಮೇಲೆ ಹೇಳಿದ ಎರಡೂ ಸುತ್ತುಗಳಲ್ಲಿ ಒಮಾನ್‌ನ ಹುಡುಗಿಯರ ಸರಾಸರಿ ಅದಕ್ಕಿಂತ ಸುಮಾರು 100 ಅಂಕ ಕೆಳಗಿತ್ತು. ಬಹರೈನ್‌ನ ಕೆಲವು ಹುಡುಗರು ಗಣಿತಕ್ಕೆ ಅಲ್ಪ ಸಮಯವಷ್ಟೇ ಮೀಸಲಿಡುವ ಧಾರ್ಮಿಕ ಶಾಲೆಗಳಲ್ಲಿ ಕಲಿಯುತ್ತಿದ್ದುದು ಅವರ ಹಿನ್ನಡೆಗೆ ಒಂದು ಕಾರಣವಾಗಿರಬಹುದೆಂದೂ ಕೇನ್ ಸೂಚಿಸಿದರು. ಕಲಿಕೆಯಲ್ಲಿ ಹಿಂದುಳಿದ ಹುಡುಗಿಯರು ಮೊದಲೇ ಶಾಲೆ ತೊರೆದಿದ್ದರೆ, ಪರೀಕ್ಷೆಗೆ ಕುಳಿತವರ ಸರಾಸರಿ ತಾನಾಗಿಯೇ ಮೇಲೇರುತ್ತದೆ ಎಂಬ ಎಚ್ಚರಿಕೆಯನ್ನೂ ಅವರು ನೀಡಿದರು.

ಇನ್ನು ಟರ್ಕಿಯ ಕತೆ ಏನಾಯಿತು? 2003 ರಲ್ಲಿ 23 ರಷ್ಟಿದ್ದ ಅಂತರ 2018 ರ ಪೀಸಾದಲ್ಲಿ ಸುಮಾರು 5 ಕ್ಕೆ ಇಳಿದಿತ್ತು. ಅದು ಗಣನೀಯವೆನ್ನಲಾಗದಷ್ಟು ಚಿಕ್ಕ ಅಂತರ. ಆ 15 ವರ್ಷಗಳಲ್ಲಿ ಟರ್ಕಿಯ ಜನರ ಧರ್ಮ ಬದಲಾಗಲಿಲ್ಲ, ಹೆಣ್ಣು ಮಕ್ಕಳ ಮೆದುಳೂ ಬದಲಾಗಲಿಲ್ಲ. ಮನುಷ್ಯರು ಕಟ್ಟಿದ ವ್ಯವಸ್ಥೆಯಲ್ಲಿ ಏನೋ ಬದಲಾಯಿತು. ಆದ್ದರಿಂದ ಈ ಅಂಕಿ ಅಂಶಗಳು ನಮ್ಮನ್ನು ಅವಮಾನಿಸಲು ಬರುವವರಿಗೂ ಉಪಯೋಗಕ್ಕೆ ಬರುವುದಿಲ್ಲ, ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳಲಿಕ್ಕೂ ಉಪಯೋಗಕ್ಕೆ ಬರುವುದಿಲ್ಲ.

ಅಂತರ ಹುಟ್ಟುವುದೆಲ್ಲಿ?

ಹಾಗಾದರೆ ಈ ಅಂತರ ಹುಟ್ಟುವುದಾದರೂ ಎಲ್ಲಿ? ಇದಕ್ಕೆ ಈಚೆಗೆ ಫ್ರಾನ್ಸ್‌ನಿಂದ ಸ್ಪಷ್ಟವಾದ ಉತ್ತರವೊಂದು ದೊರೆತಿದೆ. ಅಲ್ಲಿ 1ನೇ ತರಗತಿಗೆ ಸೇರುವ ಎಲ್ಲ ಮಕ್ಕಳನ್ನು ವರ್ಷದ ಆರಂಭದಲ್ಲಿ, ನಾಲ್ಕು ತಿಂಗಳ ನಂತರ ಮತ್ತು ಮರುವರ್ಷ ಪರೀಕ್ಷಿಸಲಾಗುತ್ತದೆ. 26 ಲಕ್ಷಕ್ಕೂ ಅಧಿಕ ಮಕ್ಕಳ ಈ ಮಾಹಿತಿಯನ್ನು ಆಧರಿಸಿದ ಅಧ್ಯಯನ 2025 ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಗೆ ಕಾಲಿಡುವಾಗ ಗಣಿತದಲ್ಲಿ ಹುಡುಗ ಹುಡುಗಿಯರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ನಾಲ್ಕೇ ತಿಂಗಳಲ್ಲಿ ಹುಡುಗರ ಪರವಾಗಿ ಅಂತರ ಕಾಣಿಸಿಕೊಂಡಿತು. ಒಂದು ವರ್ಷ ಕಳೆದಾಗ ಅದು ಮತ್ತಷ್ಟು ಹಿಗ್ಗಿತ್ತು. ಬಡವರ ಶಾಲೆ, ಶ್ರೀಮಂತರ ಶಾಲೆ, ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲೆಡೆಯೂ ಹೀಗೆಯೇ ಆಗಿತ್ತು. ಅಂತರ ಬೆಳೆದದ್ದು ಮಕ್ಕಳ ವಯಸ್ಸಿನೊಂದಿಗಲ್ಲ, ಶಾಲೆಯಲ್ಲಿ ಕಳೆದ ಸಮಯದೊಂದಿಗೆ. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದ ವರ್ಷ ಅಂತರ ಅಷ್ಟು ಬೆಳೆಯಲಿಲ್ಲ.

ಇದರ ಅರ್ಥ ಶಾಲೆ ಕೆಟ್ಟದ್ದೆಂದಲ್ಲ. 'ಲೆಕ್ಕ ಹುಡುಗರದು, ಭಾಷೆ ಹುಡುಗಿಯರದು' ಎಂಬ ಹಿರಿಯರ ನಂಬಿಕೆ, ಗಣಿತ ಒಂದು ಪ್ರತ್ಯೇಕ ವಿಷಯವಾಗಿ ಎದುರಾದೊಡನೆ ಮಗುವಿನೊಳಗೆ ಇಳಿಯಲಾರಂಭಿಸುತ್ತದೆ. 2017 ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಮೇರಿಕದ ಅಧ್ಯಯನವೊಂದು ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸಿತು. 5 ವರ್ಷದ ಹುಡುಗಿಯರು 'ತುಂಬಾ ತುಂಬಾ ಬುದ್ಧಿವಂತರು' ಯಾರೆಂದು ಕೇಳಿದರೆ ತಮ್ಮವರನ್ನೇ ತೋರಿಸುತ್ತಿದ್ದರು. 6 ವರ್ಷವಾಗುವಷ್ಟರಲ್ಲಿ ಆ ವಿಶ್ವಾಸ ಕುಗ್ಗಲು ತೊಡಗಿತ್ತು. 2010 ರ ಇನ್ನೊಂದು ಅಧ್ಯಯನದಲ್ಲಿ, ಸ್ವತಃ ಗಣಿತಕ್ಕೆ ಅಂಜುವ ಅಧ್ಯಾಪಕಿಯರ ಕೈಕೆಳಗೆ ಒಂದು ವರ್ಷ ಕಲಿತ 1ನೇ ಮತ್ತು 2ನೇ ತರಗತಿಯ ಹುಡುಗಿಯರಲ್ಲಿ 'ಲೆಕ್ಕ ಹುಡುಗರಿಗೆ' ಎಂಬ ಭಾವನೆ ಬಲಿತಿತ್ತು. ಹಾಗೆ ಭಾವಿಸಿದವರ ಅಂಕವೂ ತಗ್ಗಿತ್ತು. ಅದೇ ತರಗತಿಯ ಹುಡುಗರಿಗೆ ಆ ಅಂಜಿಕೆ ತಟ್ಟಲಿಲ್ಲ. ಬಾಯಿಬಿಟ್ಟು ಹೇಳದ ಮಾತನ್ನೂ ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಅಧ್ಯಾಪಕಿಯಿಂದ ಒಳಿತಾದ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಆಂಧ್ರಪ್ರದೇಶದ ಗ್ರಾಮೀಣ ಸರಕಾರಿ ಪ್ರಾಥಮಿಕ ಶಾಲೆಗಳ ಕುರಿತು ಮುರಳೀಧರನ್ ಮತ್ತು ಶೇಠ್ ನಡೆಸಿದ ಅಧ್ಯಯನ 2016 ರಲ್ಲಿ ಪ್ರಕಟವಾಯಿತು. ತರಗತಿ ಏರಿದಂತೆ ಹುಡುಗಿಯರು ಗಣಿತದಲ್ಲೂ ತೆಲುಗಿನಲ್ಲೂ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಿದ್ದರು. ಆದರೆ ಅಧ್ಯಾಪಕಿಯರು ಕಲಿಸಿದ ವರ್ಷಗಳಲ್ಲಿ ಅವರ ಕಲಿಕೆ ಸುಧಾರಿಸುತ್ತಿತ್ತು. ಅದರಿಂದ ಹುಡುಗರಿಗೆ ಯಾವ ನಷ್ಟವೂ ಆಗಿರಲಿಲ್ಲ.

ಮರ್ಯಮ್ ಮಿರ್ಜಾಖಾನಿ

'ಸರಾಸರಿಯ ಮಾತು ಇರಲಿ, ಅತ್ಯುನ್ನತ ಪ್ರತಿಭೆಯಲ್ಲಿ ಗಂಡಸರೇ ಮುಂದಲ್ಲವೇ' ಎಂದು ಕೆಲವರು ಕೇಳುತ್ತಾರೆ. 2005 ರ ಜನವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಂದಿನ ಅಧ್ಯಕ್ಷ ಲಾರೆನ್ಸ್ ಸಮ್ಮರ್ಸ್, ವಿಜ್ಞಾನದ ಉನ್ನತ ಹುದ್ದೆಗಳಲ್ಲಿ ಮಹಿಳೆಯರು ವಿರಳವಾಗಿರಲು ಹುಟ್ಟು ಸಾಮರ್ಥ್ಯದ ವ್ಯತ್ಯಾಸವೂ ಒಂದು ಕಾರಣವಾಗಿರಬಹುದು ಎಂದು ಹೇಳಿ ದೊಡ್ಡ ವಿವಾದ ಎಬ್ಬಿಸಿದ್ದರು. ಇದಕ್ಕೂ ಅಂಕಿ ಅಂಶವಿದೆ. 1980 ರ ದಶಕದ ಆರಂಭದಲ್ಲಿ ಅಮೇರಿಕದ 13 ವರ್ಷದೊಳಗಿನ ಮಕ್ಕಳಲ್ಲಿ, ಕಾಲೇಜು ಪ್ರವೇಶದ ಗಣಿತ ಪರೀಕ್ಷೆಯಲ್ಲಿ 700 ಕ್ಕಿಂತ ಹೆಚ್ಚು ಅಂಕ ಪಡೆದ ಪ್ರತಿ ಹುಡುಗಿಗೆ 13 ಹುಡುಗರಿದ್ದರು. 1990 ರ ದಶಕದ ಹೊತ್ತಿಗೆ ಆ 13 ಸುಮಾರು 4 ಕ್ಕೆ ಇಳಿದಿತ್ತು. ಅನಂತರ ಹೆಚ್ಚು ಇಳಿದಿಲ್ಲ ಎಂಬುದೂ ನಿಜ. ಆದರೆ ಅಷ್ಟು ಅಲ್ಪಾವಧಿಯಲ್ಲಿ ಮನುಷ್ಯನ ಪ್ರಕೃತಿ ಬದಲಾಗುವುದುಂಟೇ? ಮೊದಲ 13 ರಲ್ಲಿ ಬಹುಪಾಲು ನಾವೇ ನಿರ್ಮಿಸಿದ್ದು ಎಂದಾದ ಮೇಲೆ, ಉಳಿದ 4 ಪ್ರಕೃತಿಯದೇ ಎಂದು ಯಾವ ಧೈರ್ಯದಿಂದ ಹೇಳುವುದು?

ಟೆಹರಾನ್‌ನ ಮರ್ಯಮ್ ಮಿರ್ಜಾಖಾನಿಯ ಹೆಸರನ್ನು ತಮ್ಮಲ್ಲಿ ಹಲವರು ಕೇಳಿರಬಹುದು. ಮಾಧ್ಯಮಿಕ ಶಾಲೆಯ ಮೊದಲ ವರ್ಷದಲ್ಲಿ ಆಕೆ ಗಣಿತದಲ್ಲಿ ಚೆನ್ನಾಗಿರಲಿಲ್ಲ. ಆಕೆಯಲ್ಲಿ ವಿಶೇಷ ಪ್ರತಿಭೆಯೇನೂ ಇಲ್ಲವೆಂದು ಅಧ್ಯಾಪಕರು ಭಾವಿಸಿದ್ದರು. ಅದರಿಂದ ತನ್ನ ಆತ್ಮವಿಶ್ವಾಸ ಕುಗ್ಗಿತೆಂದು ಮುಂದೆ ಆಕೆಯೇ ಹೇಳಿಕೊಂಡಿದ್ದಾರೆ. ಮರುವರ್ಷ ಬಂದ ಅಧ್ಯಾಪಕರು ಪ್ರೋತ್ಸಾಹಿಸಿದರು, ಹುಡುಗಿ ಚಿಗುರಿದಳು. ಹುಡುಗರ ಶಾಲೆಯಲ್ಲಿ ನಡೆಯುವಂತಹ ಗಣಿತದ ವಿಶೇಷ ತರಗತಿ ತಮಗೂ ಬೇಕೆಂದು ಆಕೆ ಮತ್ತು ಆಕೆಯ ಗೆಳತಿ ಕೇಳಿದಾಗ ಮುಖ್ಯೋಪಾಧ್ಯಾಯಿನಿ ಅದನ್ನು ಏರ್ಪಡಿಸಿದರು. ಆವರೆಗೆ ಇರಾನ್‌ನ ಗಣಿತ ಒಲಿಂಪಿಯಾಡ್ ತಂಡದಲ್ಲಿ ಹುಡುಗಿಯರೇ ಇರಲಿಲ್ಲ. 1994 ರಲ್ಲಿ ಆಕೆ ಚಿನ್ನದ ಪದಕ ಗೆದ್ದರು. 1995 ರಲ್ಲಿ 42 ಕ್ಕೆ 42 ಅಂಕ ಗಳಿಸಿ ಮತ್ತೆ ಚಿನ್ನ ಗೆದ್ದರು. 2014 ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕವನ್ನು ಪಡೆದ ಪ್ರಪ್ರಥಮ ಮಹಿಳೆಯಾದರು. 2017 ರಲ್ಲಿ, 40 ರ ಹರೆಯದಲ್ಲಿ ಕ್ಯಾನ್ಸರ್‌ಗೆ ಬಲಿಯಾದರು. ಎರಡನೆಯ ವರ್ಷವೂ ಮೊದಲಿನಂತಹ ಅಧ್ಯಾಪಕರೇ ಸಿಕ್ಕಿದ್ದರೆ ಏನಾಗುತ್ತಿತ್ತು? ಹಾಗೆ ಎರಡನೆಯ ವರ್ಷದ ಪ್ರೋತ್ಸಾಹ ಸಿಗದೆ ಕಳೆದುಹೋದ ಮರ್ಯಮ್‌ಗಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ ಇದ್ದಾರು?

ಅಂಕದ ನಂತರ

ಅಂಕ ಗಳಿಸಿದರೆ ಎಲ್ಲವೂ ಮುಗಿಯುವುದಿಲ್ಲ. ಜೋರ್ಡಾನ್‌ನಲ್ಲಿ 2012 ರಿಂದೀಚೆಗಿನ ಪೀಸಾ ಸುತ್ತುಗಳಲ್ಲಿ ಗಣಿತದಲ್ಲಿ ಹುಡುಗಿಯರೇ ಮುಂದಿದ್ದಾರೆ. ಇರಾನ್‌ನ ವಿಶ್ವವಿದ್ಯಾನಿಲಯಗಳಲ್ಲಿ ಹುಡುಗಿಯರ ಸಂಖ್ಯೆ ದೊಡ್ಡದು. ಆದರೆ ಈ ಎರಡೂ ದೇಶಗಳಲ್ಲಿ ದುಡಿಯುವ ವಯಸ್ಸಿನ ಐವರು ಮಹಿಳೆಯರಲ್ಲಿ ಒಬ್ಬರೂ ಉದ್ಯೋಗದಲ್ಲಿಲ್ಲ ಅಥವಾ ಉದ್ಯೋಗ ಹುಡುಕುತ್ತಿಲ್ಲ. ಕಲಿಸುವವರೆಗೆ ಕಲಿಸಿ, ಅನಂತರ ಬಾಗಿಲು ಮುಚ್ಚುವುದು ಪ್ರತಿಭೆಗೆ ಎಸಗುವ ಇನ್ನೊಂದು ಬಗೆಯ ಅನ್ಯಾಯವಾಗಿದೆ.

ನಮ್ಮ ದೇಶದ ಮಕ್ಕಳು ಈ ಪಟ್ಟಿಗಳಲ್ಲಿ ಎಲ್ಲಿದ್ದಾರೆ? 2022 ರ ಪೀಸಾದಲ್ಲಿ ಭಾರತ ಭಾಗವಹಿಸಿರಲಿಲ್ಲ. ಹಿಂದೆ 2009 ರ ಸುತ್ತಿನಲ್ಲಿ ಹಿಮಾಚಲ ಪ್ರದೇಶ ಮತ್ತು ತಮಿಳುನಾಡು ಮಾತ್ರ ಭಾಗವಹಿಸಿದ್ದವು. ಆದರೆ ನಮ್ಮ ಸಮುದಾಯದ ಮಟ್ಟಿಗೆ 2006 ರ ಸಾಚಾರ್ ಸಮಿತಿಯ ವರದಿ ಹಿಡಿದ ಕನ್ನಡಿಯೊಂದಿದೆ. 6 ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25 ರಷ್ಟು ಮಂದಿ ಶಾಲೆಗೆ ಹೋಗಿಯೇ ಇರಲಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದರು ಎಂದು ಅದು ದಾಖಲಿಸಿತ್ತು. ಪರೀಕ್ಷೆಗೆ ಕುಳಿತವರ ಅಂಕವನ್ನಷ್ಟೇ ನೋಡಿದರೆ ಬೆಂಚಿನಲ್ಲಿ ಇಲ್ಲದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮಗಳನ್ನು ಲೆಕ್ಕದಿಂದ ದೂರವಿಡುವ ನಾವು, ಮಗ ಗ್ಯಾರೇಜಿಗೋ ಅಂಗಡಿಗೋ ಸೇರಿಕೊಂಡು ಶಾಲೆ ಬಿಟ್ಟಾಗಲೂ, 'ಹೇಗೂ ಗಲ್ಫ್‌ಗೆ ಹೋಗುವವನು ತಾನೇ' ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಒಮಾನ್‌ನ ಹುಡುಗರ ಹಿನ್ನಡೆಯಿಂದ ನಾವು ಕಲಿಯಬೇಕಾದದ್ದು ಇದನ್ನೇ. ನಿರೀಕ್ಷೆ ಇಲ್ಲದಲ್ಲಿ ಹೆಣ್ಣು ಮಾತ್ರವಲ್ಲ, ಗಂಡೂ ಹಿಂದೆ ಬೀಳುತ್ತಾನೆ.

ಆದುದರಿಂದ ಈ ಸಭೆಯಲ್ಲಿ ನಾವು ಕೆಲವು ಮಾತುಗಳನ್ನು ಮುಂದಿಡಬಯಸುತ್ತೇವೆ. ಹೆತ್ತವರೇ, ಮಗಳ ಮುಂದೆ 'ನನಗೂ ಲೆಕ್ಕ ಬರುತ್ತಿರಲಿಲ್ಲ, ನಿನಗೂ ಬಾರದು' ಎಂಬ ಮಾತನ್ನು ಆಡದಿರಿ. ಸಂಜೆ ಮಗ ಪುಸ್ತಕ ಹಿಡಿದು ಕುಳಿತಾಗ ಮಗಳು ಪಾತ್ರೆ ತೊಳೆಯುತ್ತಿದ್ದರೆ, ಇಬ್ಬರ ಅಂಕವನ್ನು ಹೋಲಿಸುವ ಹಕ್ಕು ನಮಗಿಲ್ಲ. ಅಧ್ಯಾಪಕರೇ, ಕಷ್ಟದ ಲೆಕ್ಕ ಬಿಡಿಸಲು ಕರಿಹಲಗೆಯ ಬಳಿಗೆ ಯಾರನ್ನು ಕರೆಯುತ್ತೀರಿ, ತಪ್ಪಿದಾಗ ಇನ್ನೊಂದು ಅವಕಾಶವನ್ನು ಯಾರಿಗೆ ನೀಡುತ್ತೀರಿ ಎಂಬುದನ್ನು ಒಂದು ವಾರ ಬರೆದಿಟ್ಟು ನೋಡಿರಿ. ಜಮಾಅತ್‌ಗಳ ಹೊಣೆಗಾರರೇ, ತಮ್ಮ ಮೊಹಲ್ಲಾದಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಬರೆದವರೆಷ್ಟು, ಗಣಿತದಲ್ಲಿ ಯಾರಿಗೆ ಎಷ್ಟು ಅಂಕ, ಅವರಲ್ಲಿ ಯಾರು ಏನು ಓದುತ್ತಿದ್ದಾರೆ, 8ನೇ ತರಗತಿಗೆ ಮೊದಲೇ ಶಾಲೆ ಬಿಟ್ಟ ಹುಡುಗರೆಷ್ಟು ಎಂಬ ಒಂದು ಪಟ್ಟಿಯನ್ನು ತಯಾರಿಸಿರಿ. ವಿದ್ಯಾರ್ಥಿವೇತನ ಕೊಡುವಾಗ ಆ ಪಟ್ಟಿಯನ್ನು ಮುಂದಿಟ್ಟುಕೊಳ್ಳಿರಿ. ಧಾರ್ಮಿಕ ವಿದ್ಯಾಸಂಸ್ಥೆಗಳನ್ನು ನಡೆಸುವವರು ತಮ್ಮ ವೇಳಾಪಟ್ಟಿಯಲ್ಲಿ ಗಣಿತಕ್ಕೆ ಎಷ್ಟು ತಾಸುಗಳಿವೆಯೆಂದು ಪರಿಶೀಲಿಸಲಿ. ಗಣಿತದ ಅಧ್ಯಾಪಕರಿಲ್ಲದ ಸರಕಾರಿ ಶಾಲೆ ಯಾವ ಊರಿನಲ್ಲಿದ್ದರೂ ಅಲ್ಲಿಗೆ ನೇಮಕಾತಿ ಮಾಡುವಂತೆ ಜನಪ್ರತಿನಿಧಿಗಳನ್ನು ಕೇಳೋಣ. ಅದು ಯಾವುದೇ ಒಂದು ಸಮುದಾಯದ ಬೇಡಿಕೆಯಲ್ಲ, ಆ ಊರಿನ ಎಲ್ಲ ಮಕ್ಕಳ ಹಕ್ಕು.

ಮುಂದಿನ ಫಲಿತಾಂಶ ಬರುವಾಗ ನಮ್ಮ ಮನೆಗಳಲ್ಲಿ ಮತ್ತೆ ಅದೇ ತೀರ್ಮಾನದ ಸಮಯ ಬರುತ್ತದೆ. ಆಗ ಅಂಕಪಟ್ಟಿಯಲ್ಲಿರುವ ಹೆಸರನ್ನು ಕೈಯಿಂದ ಮುಚ್ಚಿ, ಅಂಕವನ್ನಷ್ಟೇ ನೋಡಿ, ಈ ಮಗು ಏನು ಓದಬೇಕೆಂದು ನಿರ್ಧರಿಸಿರಿ. ಅನಂತರ ಕೈ ತೆಗೆದು ಹೆಸರನ್ನು ಓದಿರಿ. ಹೆಸರು ಮಗಳದ್ದಾಗಿದ್ದರೂ ಆ ನಿರ್ಧಾರವನ್ನು ಬದಲಿಸದಿರಿ ಎಂಬುದೇ ತಮ್ಮಲ್ಲಿ ನಮ್ಮ ವಿನಂತಿ.